ಗಣಿತಸಾರಸಂಗ್ರಹದ ಅಂಕಮಾಲೆಗಳು: ೧೨೩೪೫೬೫೪೩೨೧ ಎಂಬ ಸಂಖ್ಯೆಯ ವಿಚಾರ

ರಾಷ್ಟ್ರಕೂಟ ಚಕ್ರವರ್ತಿಯಾದ ಅಮೋಘವರ್ಷ ನೃಪತುಂಗನ ಕಾಲವು (ಸು. ಕ್ರಿ. ಶ. ೮೧೪-೮೭೮) ಕನ್ನಡ ಸಾಹಿತ್ಯಚರಿತ್ರೆಯನ್ನು ಓದುವವರಿಗೆ ಕವಿರಾಜಮಾರ್ಗದ ಮೂಲಕ ಸುಪರಿಚಿತವಾದುದು. ಅದೇ ದೊರೆಯ ಆಳಿಕೆಯಲ್ಲಿ ಹುಟ್ಟಿದ ಮತ್ತೊಂದು ಗ್ರಂಥವು, ಎಂದರೆ ಮಹಾವೀರಾಚಾರ್ಯನ ಗಣಿತಸಾರಸಂಗ್ರಹವು, ಸಂಸ್ಕೃತದಲ್ಲಿರುವುದರಿಂದಲೋ ಗಣಿತವಿಷಯಕವಾದುದರಿಂದಲೋ ಸಾಹಿತ್ಯಾಭ್ಯಾಸಿಗಳ ಗಮನಕ್ಕೆ ಅಷ್ಟಾಗಿ ಬಂದಿಲ್ಲ. ಗ್ರಂಥಕರ್ತನು ತನ್ನ ಊರು ಕೇರಿಗಳನ್ನು ಹೇಳಿಕೊಂಡಿಲ್ಲ. ಆರಂಭದಲ್ಲಿ ಅಮೋಘವರ್ಷನನ್ನು ಸ್ತುತಿಸಿರುವುದೊಂದೇ ಅವನ ಕಾಲದೇಶಗಳನ್ನು ನಿರ್ಣಯಿಸಲು ಆಧಾರ. ಆದರೂ ಆ ದೊರೆಯ ರಾಜಧಾನಿಯಾದ ಮಾನ್ಯಖೇಟ, ಎಂದರೆ ಈಗಿನ ಕಲಬುರಗಿ ಜಿಲ್ಲೆಯ ಮಳಖೇಡದ ಆಸ್ಥಾನಕ್ಕೂ ಅವನಿಗೂ ಸಂಬಂಧವಿದ್ದಿರಬೇಕೆಂದು ಊಹಿಸುವುದು ಅಸಂಗತವಾಗಲಾರದು. ಗ್ರಂಥವು ಬಾಳಿ ಬಂದುದಂತೂ ಬಹುಮಟ್ಟಿಗೆ ಕನ್ನಡಿಗರ ಕೈಯಲ್ಲಿಯೇ. ೧೯೧೨ರಲ್ಲಿ ಮದರಾಸಿನಲ್ಲಿ ಎಂ. ರಂಗಾಚಾರ್ಯರು ಇದನ್ನು ಇಂಗ್ಲಿಷ್ ಅನುವಾದದೊಡನೆ ಮೊದಲ ಬಾರಿಗೆ ಪ್ರಕಟಿಸಿದಾಗ ಅವರಿಗೆ ದೊರೆತ ಪ್ರತಿಗಳಲ್ಲಿ ಹಲವು ಕನ್ನಡ ಲಿಪಿಯವು. ಮೂಡಬಿದಿರೆಯ ಜೈನಮಠದ ಪ್ರತಿಯೂ, ವಲ್ಲಭನೆಂಬುವನ ಕನ್ನಡ ಟೀಕೆಯುಳ್ಳ ಪ್ರತಿಯೂ ಅವುಗಳಲ್ಲಿ ಸೇರಿದ್ದುವು. ೨೦೦೦ದಲ್ಲಿ ಹೊಂಬುಜದಿಂದ ಕನ್ನಡ ಅನುವಾದವೂ ಹೊರಬಂದಿದೆ.

ಈ ಗ್ರಂಥದ ಪರಿಕರ್ಮವ್ಯವಹಾರದಲ್ಲಿ, ಎಂದರೆ ಗುಣನ ಭಾಗಹಾರಾದಿಗಳನ್ನು ಕಲಿಸುವ ಭಾಗದಲ್ಲಿ, ಕೆಲವು ವಿಲಕ್ಷಣವಾದ ಉದಾಹರಣೆಗಳಿವೆ. ಒಂದು ದೊಡ್ಡ ಸಂಖ್ಯೆಯನ್ನು ಅಂಕ ಅಂಕವಾಗಿ ಹೇಳಿ, ಅದನ್ನು ಇಂತಿಷ್ಟರಿಂದ ಗುಣಿಸು, ಬಂದ ಫಲವು ಒಂದು ಕಂಠಿಕೆಯಾಗುವುದು ಎಂದು ಆಚಾರ್ಯನು ಸೂಚಿಸುತ್ತಾನೆ. ಕಂಠಿಕೆಯೆಂದರೆ ಕೊರಳ ಸರ. ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ ಆಗಿರುವ ಸಂಖ್ಯೆಯು ಕೊರಳಿನ ಎರಡು ಕಡೆಯೂ ಸಮವಾಗಿ ಇಳಿಬಿದ್ದ ಹಾರದಂತಿರುವುದರಿಂದ ಈ ಹೆಸರು. ೧೩೯ನ್ನು ೧೦೯ರಿಂದ ಗುಣಿಸಿದರೆ ೧೫೧೫೧. ೧೫೨೨೦೭ನ್ನು ೭೩ರಿಂದ ಗುಣಿಸಿದರೆ ೧೧೧೧೧೧೧೧. ೧೨೩೪೫೬೭೯ನ್ನು ೯ರಿಂದ ಗುಣಿಸಿದರೆ ೧೧೧೧೧೧೧೧೧. ೧೧೦೧೧೦೧೧ನ್ನು ೯೧ರಿಂದ ಗುಣಿಸಿದರೆ ೧೦೦೨೦೦೨೦೦೧. ೧೪೨೮೭೧೪೩ನ್ನು ೭ರಿಂದ ಗುಣಿಸಿದರೆ ೧೦೦೦೧೦೦೦೧. ೧೪೨೮೫೭೧೪೩ನ್ನು ಅದೇ ೭ರಿಂದ ಗುಣಿಸಿದರೆ ೧೦೦೦೦೦೦೦೦೧. ಆರು ಮೂರುಗಳು, ಐದು ಆರುಗಳು, ಕೊನೆಗೊಂದು ಏಳು, ಹೀಗೆ ಬರೆದ ೩೩೩೩೩೩೬೬೬೬೬೭ನ್ನು ೩೩ರಿಂದ ಗುಣಿಸಿದರೆ ೧೧೦೦೦೦೧೧೦೦೦೦೧೧ ಎಂಬ ಹದಿನಾಲ್ಕು ಸ್ಥಾನಗಳ ಮಾಲೆ ದೊರೆಯುತ್ತದೆ. ಇವೆಲ್ಲಕ್ಕಿಂತ ಸುಂದರವಾದುದು ೨೭೯೯೪೬೮೧ ಮತ್ತು ೪೪೧ ಇವುಗಳ ಗುಣನಫಲವಾದ ೧೨೩೪೫೬೫೪೩೨೧. ಒಂದರಿಂದ ಮೊದಲಾಗಿ ಆರರವರೆಗೆ ಏರಿ ಬಳಿಕ ಅದೇ ಕ್ರಮದಲ್ಲಿ ಇಳಿಯುವುದೆಂದು ಆಚಾರ್ಯನು ಇದನ್ನು ಹೆಸರಿನಿಂದಲ್ಲ, ಆಕಾರದಿಂದಲೇ ನಿರ್ದೇಶಿಸಿರುವನು.

ಇವನ್ನು ಗಣಿತವಿನೋದಗಳೆಂದು, ಬಾಲಕರಿಗೆ ಗುಣಾಕಾರದ ಬೇಸರ ಕಳೆಯುವುದಕ್ಕಾಗಿ ಹೆಣೆದ ಚಮತ್ಕಾರಗಳೆಂದು ಹೇಳಿ ಮುಂದೆ ಹೋಗುವುದು ವಾಡಿಕೆ. ವಿನೋದವಿದೆಯೆಂಬುದರಲ್ಲಿ ಸಂದೇಹವಿಲ್ಲ. ಆದರೆ ವಿನೋದವನ್ನು ಸಿದ್ಧಪಡಿಸಿದವನಿಗೆ ಏನು ತಿಳಿದಿದ್ದಿತು ಎಂಬ ಪ್ರಶ್ನೆ ಬೇರೆ. ಈ ಸಂಖ್ಯೆಗಳು ಲೆಕ್ಕ ಮಾಡುತ್ತಿರುವಾಗ ಅಕಸ್ಮಾತ್ತಾಗಿ ಕಣ್ಣಿಗೆ ಬಿದ್ದುವೋ, ಅಥವಾ ಆಚಾರ್ಯನು ಮಾಲೆಯನ್ನು ಮೊದಲು ಕಲ್ಪಿಸಿಕೊಂಡು ಅದರ ಅವಯವಗಳನ್ನು ಬಲ್ಲವನಾಗಿ ಹಿಂದಕ್ಕೆ ಬಿಡಿಸಿದನೋ ಎಂಬುದು ವಿಚಾರಾರ್ಹವಾಗಿದೆ. ಇದಕ್ಕೆ ಹೊರಗಿನ ಸಾಕ್ಷ್ಯಗಳನ್ನು ಹುಡುಕಬೇಕಾಗಿಲ್ಲ. ಸಂಖ್ಯೆಗಳೇ ಸಾಕ್ಷಿ ನುಡಿಯುತ್ತವೆ.

ಮೊದಲು ೧೨೩೪೫೬೫೪೩೨೧ರ ಸ್ವರೂಪವನ್ನು ನೋಡಬಹುದು. ಮಹಾವೀರಾಚಾರ್ಯನು ಏಕದಿಂದ ಮಹಾಕ್ಷೋಭದವರೆಗೆ ಇಪ್ಪತ್ತನಾಲ್ಕು ಸ್ಥಾನಗಳಿಗೆ ಹೆಸರು ಕೊಟ್ಟಿರುವನು. ಆ ಗಣನೆಯಂತೆ ಈ ಸಂಖ್ಯೆಯು ಹನ್ನೊಂದನೆಯ ಸ್ಥಾನವಾದ ಅರ್ಬುದವನ್ನು ಮುಟ್ಟುತ್ತದೆ: ಒಂದು ಅರ್ಬುದ, ಎರಡು ಶತಕೋಟಿ, ಮೂರು ದಶಕೋಟಿ, ನಾಲ್ಕು ಕೋಟಿ, ಐದು ದಶಲಕ್ಷ, ಆರು ಲಕ್ಷ, ಅಲ್ಲಿಂದ ಇಳಿಜಾರು. ಲಕ್ಷಸ್ಥಾನದ ಆರೇ ಹಾರದ ನಾಯಕಮಣಿ. ಇದರ ಹುಟ್ಟು ಬಹು ಸರಳವಾದುದು. ಆರು ಒಂದುಗಳ ಸಂಖ್ಯೆಯಾದ ೧೧೧೧೧೧ನ್ನು ಅದರಿಂದಲೇ ಗುಣಿಸುವಾಗ, ೧೧೧೧೧೧ ಎಂಬುದನ್ನೇ ಆರು ಸಾಲುಗಳಲ್ಲಿ ಒಂದೊಂದು ಸ್ಥಾನ ಎಡಕ್ಕೆ ಸರಿಸಿ ಬರೆದು ಕೂಡಬೇಕಾಗುತ್ತದೆ. ಮೊದಲ ಕಂಬಸಾಲಿನಲ್ಲಿ ಒಂದು ಒಂದಿರುವುದು, ಎರಡನೆಯದರಲ್ಲಿ ಎರಡು, ನಡುವಿನದರಲ್ಲಿ ಆರು, ಬಳಿಕ ಒಂದೊಂದಾಗಿ ಕಡಿಮೆ. ಯಾವ ಸಾಲಿನ ಮೊತ್ತವೂ ಒಂಬತ್ತನ್ನು ಮೀರದಿರುವುದರಿಂದ ದಶಕವು ಪಕ್ಕದ ಸ್ಥಾನಕ್ಕೆ ಏರುವ ಪ್ರಸಂಗವೇ ಇಲ್ಲ. ಹಾರವು ಕೆಡದೆ ನಿಲ್ಲುತ್ತದೆ. ಒಂಬತ್ತು ಒಂದುಗಳವರೆಗೂ ಹೀಗೆಯೇ. ಆಗ ಬರುವ ವರ್ಗವು ೧೨೩೪೫೬೭೮೯೮೭೬೫೪೩೨೧. ಹತ್ತು ಒಂದುಗಳನ್ನು ತೆಗೆದುಕೊಂಡರೆ ನಡುವಿನಲ್ಲಿ ಹತ್ತು ಬಂದು, ಅದರ ದಶಕ ಪಕ್ಕದ ಒಂಬತ್ತನ್ನು ಹತ್ತು ಮಾಡಿ, ಅದರ ದಶಕ ಎಂಟನ್ನು ಒಂಬತ್ತು ಮಾಡಿ, ಫಲವು ೧೨೩೪೫೬೭೯೦೦೯೮೭೬೫೪೩೨೧ ಆಗುತ್ತದೆ. ಎಡಗಡೆಯ ಏರಿಕೆಯಲ್ಲಿ ಎಂಟು ಕಾಣೆಯಾಗಿರುವುದನ್ನು ಗಮನಿಸಬೇಕು. ಆಚಾರ್ಯನ ಇನ್ನೊಂದು ಗುಣ್ಯವಾದ ೧೨೩೪೫೬೭೯ರಲ್ಲಿಯೂ ಎಂಟು ಇಲ್ಲದಿರುವುದಕ್ಕೆ ಇಂತಹುದೇ ದಶಕದ ಏರಿಕೆ ಕಾರಣ.

ಹಿಂದುಮುಂದಾಗಿ ಓದಿದರೂ ಒಂದೇ ಆಗುವ ರಚನೆಗೆ ಆಲಂಕಾರಿಕರು ಗತಪ್ರತ್ಯಾಗತವೆಂಬ ಹೆಸರನ್ನಿಟ್ಟು ಚಿತ್ರಕಾವ್ಯಗಳಲ್ಲಿ ಸೇರಿಸಿರುವುದು ಸಾಹಿತ್ಯಜ್ಞರಿಗೆ ನೆನಪಾಗದಿರದು. ಕಾವ್ಯವಿಚಾರವು ಅಷ್ಟು ಬಲವಾಗಿದ್ದ ಆಸ್ಥಾನದ ಗಾಳಿ ಗಣಿತಜ್ಞನಿಗೂ ಸೋಕಿತೆಂದು ಹೇಳಲು ಆಸೆಯಾಗುವುದು ಸಹಜ. ಆದರೆ ಹಾಗೆಂದು ಸಾಧಿಸಲು ಆಧಾರವಿಲ್ಲ. ಒಂದು ವ್ಯತ್ಯಾಸವನ್ನು ಮಾತ್ರ ಹೇಳಬಹುದು. ಕವಿಯು ಅಕ್ಷರಗಳನ್ನು ತನಗೆ ಬೇಕಾದಂತೆ ಜೋಡಿಸಬಲ್ಲನು. ಗಣಿತಜ್ಞನಿಗೆ ಆ ಸ್ವಾತಂತ್ರ್ಯವಿಲ್ಲ. ಮಾಲೆಯನ್ನು ಯಾರು ಬೇಕಾದರೂ ಬರೆಯಬಹುದು; ಅದನ್ನು ಎರಡು ಸಂಖ್ಯೆಗಳ ಗುಣನಫಲವಾಗಿ ತೋರಿಸಬೇಕಾದರೆ ಅದರೊಳಗೆ ಮೊದಲೇ ಅಡಗಿರುವ ಅಪವರ್ತನಗಳನ್ನು ಕಂಡುಹಿಡಿಯಬೇಕು.

ಆ ಅಪವರ್ತನಗಳು ಯಾವುವು? ೧೧೧೧೧೧ ಎಂಬುದು ೧೧೧ ಮತ್ತು ೧೦೦೧ ಇವುಗಳ ಗುಣನಫಲ. ೧೧೧ ಎಂದರೆ ೩ ಮತ್ತು ೩೭. ೧೦೦೧ ಎಂದರೆ ೭, ೧೧ ಮತ್ತು ೧೩. ಹೀಗೆ ೩, ೭, ೧೧, ೧೩, ೩೭ ಎಂಬ ಐದು ಅವಿಭಾಜ್ಯ ಸಂಖ್ಯೆಗಳು ಒಂದೊಂದು ಸಲ ಸೇರಿ ೧೧೧೧೧೧ ಆಗುತ್ತದೆ. ಎರಡೆರಡು ಸಲ ಸೇರಿದರೆ ೧೨೩೪೫೬೫೪೩೨೧. ಆದುದರಿಂದ ಈ ದೊಡ್ಡ ಸಂಖ್ಯೆಯನ್ನು ನಿಶ್ಶೇಷವಾಗಿ ಭಾಗಿಸುವ ಸಂಖ್ಯೆಗಳು, ಒಂದನ್ನೂ ಅದನ್ನೂ ಸೇರಿಸಿ, ೨೪೩. ಅದನ್ನು ಎರಡು ಸಂಖ್ಯೆಗಳ ಗುಣನಫಲವಾಗಿ ೧೨೨ ಬಗೆಗಳಲ್ಲಿ ಬರೆಯಬಹುದು. ಇಷ್ಟರೊಳಗೆ ಎರಡೂ ಅವಯವಗಳು ವರ್ಗಸಂಖ್ಯೆಗಳಾಗಿರುವ ಬಗೆಗಳು ಕೇವಲ ೧೬. ಆಚಾರ್ಯನು ಆರಿಸಿಕೊಂಡ ಜೋಡಿಯನ್ನು ಈಗ ನೋಡಬೇಕು. ೪೪೧ ಎಂಬುದು ೨೧ರ ವರ್ಗ. ೨೭೯೯೪೬೮೧ ಎಂಬುದು ೫೨೯೧ರ ವರ್ಗ. ೨೧ ಮತ್ತು ೫೨೯೧ ಇವುಗಳ ಗುಣನಫಲವೇ ೧೧೧೧೧೧. ನೂರ ಇಪ್ಪತ್ತೆರಡರಲ್ಲಿ ಹದಿನಾರಾಗಿರುವ ಗುಂಪಿನಿಂದಲೇ ಜೋಡಿಯು ಬಂದಿರುವುದು ಯಾದೃಚ್ಛಿಕವೆಂದು ಹೇಳುವುದು ಅಸಾಧ್ಯವಲ್ಲವಾದರೂ ಕಷ್ಟ. ಗುಣನಫಲವು ೧೧೧೧೧೧ರ ವರ್ಗವೆಂಬುದು ತಿಳಿದಿದ್ದವನು, ೧೧೧೧೧೧ನ್ನು ೨೧ರಿಂದ ಭಾಗಿಸಿ, ಎರಡು ಭಾಗಗಳನ್ನೂ ವರ್ಗಿಸಿ, ಶಿಷ್ಯನ ಮುಂದಿಟ್ಟನೆಂದು ತಿಳಿಯುವುದೇ ಯುಕ್ತವಾಗಿ ತೋರುತ್ತದೆ. ಇದೇ ಭಾಗದಲ್ಲಿ ೨೬೨೧೪೪ನ್ನು ೬೪ರಿಂದ ಗುಣಿಸೆಂಬ ಲೆಕ್ಕವೂ ಇದೆ. ಫಲವು ೧೬೭೭೭೨೧೬, ಅದು ಮಾಲೆಯಲ್ಲ. ಆದರೆ ೬೪ ಎಂದರೆ ಎರಡನ್ನು ಆರು ಸಲ, ೨೬೨೧೪೪ ಎಂದರೆ ಎರಡನ್ನು ಹದಿನೆಂಟು ಸಲ ಗುಣಿಸಿದುದು. ಫಲದಲ್ಲಿ ಎರಡು ಇಪ್ಪತ್ತನಾಲ್ಕು ಸಲ ಸೇರಿದೆ. (ಸ್ಥಾನಗಳೂ ಇಪ್ಪತ್ತನಾಲ್ಕು, ತೀರ್ಥಂಕರರೂ ಇಪ್ಪತ್ತನಾಲ್ವರು, ಆದರೆ ಇಂತಹ ಹೊಂದಿಕೆಗಳ ಬೆನ್ನು ಹತ್ತಿದರೆ ಕೊನೆಯಿಲ್ಲ.) ಅಂಕಗಳನ್ನು ಸುಮ್ಮನೆ ಚೆಲ್ಲಿದವನ ಕೈವಾಡ ಇದಲ್ಲವೆಂಬುದು ಇಲ್ಲಿಯೂ ಕಾಣುತ್ತದೆ.

ಆರಕ್ಕೆ ನಿಲ್ಲಿಸಿದುದೇಕೆ, ಒಂಬತ್ತರವರೆಗೆ ಹೋಗಬಹುದಾಗಿತ್ತಲ್ಲ ಎಂದು ಕೇಳಬಹುದು. ಒಂದುಗಳ ಸಾಲುಗಳೆಲ್ಲ ಒಂದೇ ಬಗೆಯಾಗಿ ಒಡೆಯುವುದಿಲ್ಲ. ಐದು ಒಂದುಗಳು ೪೧ ಮತ್ತು ೨೭೧ ಎಂಬ ಎರಡೇ ಅವಿಭಾಜ್ಯಗಳಾಗಿ ಒಡೆಯುತ್ತವೆ. ಏಳು ಒಂದುಗಳು ೨೩೯ ಮತ್ತು ೪೬೪೯ ಆಗಿ. ಒಂಬತ್ತು ಒಂದುಗಳಲ್ಲಿ ೩, ೩, ೩೭ ಇವನ್ನು ತೆಗೆದ ಮೇಲೆ ೩೩೩೬೬೭ ಎಂಬ ದೊಡ್ಡ ಅವಿಭಾಜ್ಯವು ಅಡ್ಡಗಟ್ಟುತ್ತದೆ. ಆರು ಒಂದುಗಳಷ್ಟು ಸಣ್ಣ ಸಣ್ಣ ಅವಯವಗಳನ್ನು ಹೊಟ್ಟೆಯಲ್ಲಿಟ್ಟುಕೊಂಡ ಸಾಲು ಒಂಬತ್ತರೊಳಗೆ ಬೇರೊಂದಿಲ್ಲ. ಪಾಠಕ್ಕೆ ಹದವಾದ ಗುಣಕವನ್ನು ಆರಿಸುವುದಕ್ಕೆ ಅದೇ ಅನುಕೂಲವಾದುದು.

೧೦೦೧ ಎಂಬ ಸಣ್ಣ ಸಂಖ್ಯೆಯು ಈ ಹಾರಗಳಲ್ಲಿ ಹಲವಕ್ಕೆ ದಾರದಂತಿದೆ. ೧೦೦೨೦೦೨೦೦೧ ಎಂಬುದು ೧೦೦೧ ಮತ್ತು ೧೦೦೧೦೦೧ ಇವುಗಳ ಗುಣನಫಲ. ಅಲ್ಲಿಯ ಗುಣಕವಾದ ೯೧ ಎಂದರೆ ೧೦೦೧ರೊಳಗಿನ ೭ ಮತ್ತು ೧೩. ೧೦೦೦೦೦೦೦೦೧ ಎಂಬುದು ೧೦೦೧ ಮತ್ತು ೯೯೯೦೦೧ ಇವುಗಳ ಗುಣನಫಲ. ಇದನ್ನು ಕಾಣಲು ಬೀಜಗಣಿತದ ಸೂತ್ರಗಳು ಬೇಕಾಗಿಲ್ಲ. ಸಾವಿರವನ್ನು ಏಳರಿಂದ ಭಾಗಿಸಿದರೆ ಶೇಷ ಆರು. ನೂರು ಕೋಟಿಯನ್ನು ಭಾಗಿಸಿದರೂ ಲಬ್ಧ ೧೪೨೮೫೭೧೪೨, ಶೇಷ ಅದೇ ಆರು. ಭಾಜ್ಯಕ್ಕೆ ಒಂದನ್ನು ಕೂಡಿಸಿದೊಡನೆ ಶೇಷವು ತೀರಿ, ಲಬ್ಧದ ಕೊನೆಯ ಎರಡು ಮೂರಾಗುತ್ತದೆ. ಅದೇ ಆಚಾರ್ಯನ ೧೪೨೮೫೭೧೪೩. ಭಾಗಹಾರದಲ್ಲಿ ಶೇಷಗಳು ತಿರುತಿರುಗಿ ಬರುವ ಬಗೆಯನ್ನು ಕಣ್ಣಿಟ್ಟು ನೋಡಿದವನಿಗೆ ಇಷ್ಟು ದೊರೆಯದಿರದು. ಭಿನ್ನರಾಶಿಗಳ ಪ್ರಕರಣದಲ್ಲಿ ಛೇದಗಳ ಲಘುತಮ ಸಾಮಾನ್ಯ ಅಪವರ್ತ್ಯವನ್ನು ನಿರುದ್ಧವೆಂಬ ಹೆಸರಿನಿಂದ ಉಪಯೋಗಿಸಿದವನೂ ಇವನೇ ಎಂಬುದನ್ನು ಇಲ್ಲಿ ನೆನೆಯಬೇಕು. ಸಂಖ್ಯೆಗಳ ಒಳಮನೆಯನ್ನು ಹೊಕ್ಕು ನೋಡುವ ಅಭ್ಯಾಸ ಅವನಿಗೆ ಇದ್ದಿತು.

ಎಲ್ಲಕ್ಕಿಂತ ಕುತೂಹಲಕರವಾದ ಗುಣಕವು ೭೩. ಎಂಟು ಒಂದುಗಳ ಸಾಲನ್ನು ೧೧ರಿಂದಲೋ ೧೦೧ರಿಂದಲೋ ಒಡೆಯುವುದು ಯಾರಿಗಾದರೂ ತೋರುವ ಮಾರ್ಗ. ಆಗ ಗುಣ್ಯಗಳು ೧೦೧೦೧೦೧ ಅಥವಾ ೧೧೦೦೧೧ ಎಂದಾಗಿ, ಉತ್ತರವು ಪ್ರಶ್ನೆಯಲ್ಲಿಯೇ ಅರ್ಧ ಬಯಲಾಗುತ್ತದೆ. ೧೧೧೧೧೧೧೧ ಎಂಬುದು ೧೧೧೧ ಮತ್ತು ೧೦೦೦೧ ಇವುಗಳ ಗುಣನಫಲ. ೧೦೦೦೧ ಎಂಬುದು ೭೩ ಮತ್ತು ೧೩೭ ಆಗಿ ಒಡೆಯುತ್ತದೆ. ಈ ಎರಡನೆಯ ಒಡಕು ಮೇಲುನೋಟಕ್ಕೆ ಕಾಣುವಂತಹುದಲ್ಲ. ಆಚಾರ್ಯನು ಅದನ್ನೇ ಹಿಡಿದಿರುವನು. ೧೫೨೨೦೭ ಎಂಬ ಗುಣ್ಯದ ಮುಖವನ್ನು ನೋಡಿ ಅದರೊಳಗೊಂದು ಹಾರವಿದೆಯೆಂದು ಯಾರೂ ಊಹಿಸಲಾರರು.

ಇದು ಹೇಗೆ ದೊರೆತಿರಬಹುದೆಂಬುದನ್ನು ಲೆಕ್ಕ ಮಾಡಿ ನೋಡುವುದು ಸ್ವಾರಸ್ಯವಾಗಿದೆ. ಗುಣಕವು ೭೩, ಬರಬೇಕಾದುದು ಬರಿಯ ಒಂದುಗಳು ಎಂದಿಟ್ಟುಕೊಂಡು ಏಕಸ್ಥಾನದಿಂದ ಹೊರಡಬೇಕು. ಏಕಸ್ಥಾನದಲ್ಲಿ ಒಂದು ಬರಬೇಕಾದರೆ ೭೩ನ್ನು ೭ರಿಂದಲೇ ಗುಣಿಸಬೇಕು, ಫಲ ೫೧೧. ದಶಸ್ಥಾನದಲ್ಲಿ ಆಗಲೇ ಒಂದಿರುವುದರಿಂದ ಅಲ್ಲಿಗೆ ಸೊನ್ನೆ. ಶತಸ್ಥಾನದಲ್ಲಿ ಐದಿದೆ, ಆರು ಸೇರಿದರೆ ಅಲ್ಲಿ ಒಂದು ನಿಲ್ಲುವುದು, ಅದಕ್ಕೆ ೭೩ನ್ನು ೨ರಿಂದ ಗುಣಿಸಬೇಕು, ಮೊತ್ತ ೧೫೧೧೧. ಸಹಸ್ರಸ್ಥಾನದಲ್ಲಿ ಮತ್ತೆ ಐದು, ಮತ್ತೆ ೨, ಮೊತ್ತ ೧೬೧೧೧೧. ದಶಸಹಸ್ರದಲ್ಲಿ ಆರಿರುವುದರಿಂದ ಐದು ಬೇಕು, ಗುಣಕ ೫, ಮೊತ್ತ ೩೮೧೧೧೧೧. ಲಕ್ಷದಲ್ಲಿ ಎಂಟಿರುವುದರಿಂದ ಮೂರು ಬೇಕು, ಗುಣಕ ೧, ಮೊತ್ತ ೧೧೧೧೧೧೧೧. ಇಲ್ಲಿಗೆ ಸಾಲು ತಾನಾಗಿ ಮುಗಿಯಿತು. ೧೭ರಿಂದ ಹೊರಟಿದ್ದರೆ ಹದಿನಾರು ಒಂದುಗಳವರೆಗೂ, ೧೯ರಿಂದ ಹೊರಟಿದ್ದರೆ ಹದಿನೆಂಟರವರೆಗೂ ಹೋಗಬೇಕಾಗುತ್ತಿತ್ತು. ದೊರೆತ ಅಂಕಗಳ ಅನುಕ್ರಮ ೭, ೦, ೨, ೨, ೫, ೧. ಶ್ಲೋಕದಲ್ಲಿ ಅಂಕಗಳನ್ನು ಹೇಳಿರುವ ಅನುಕ್ರಮವೂ ಅದೇ. ಅಂಕಗಳಿಗೆ ವಾಮಗತಿಯೆಂಬುದು ಸರ್ವಸಾಮಾನ್ಯ ಸಂಪ್ರದಾಯವಾದುದರಿಂದ ಇದರಿಂದ ಏನನ್ನೂ ಸಿದ್ಧಾಂತಪಡಿಸಲಾಗದು. ಆದರೂ ಹುಟ್ಟಿದ ಕ್ರಮದಲ್ಲಿಯೇ ಅಂಕಗಳು ಪದ್ಯವನ್ನು ಹೊಕ್ಕಿರುವುದು ನೋಡಲು ಚೆನ್ನಾಗಿದೆ.

ಗ್ರಂಥಸಂಪಾದನೆಯಲ್ಲಿ ತೊಡಗಿದವರಿಗೆ ಈ ಮಾಲೆಗಳಿಂದ ಇನ್ನೊಂದು ಪ್ರಯೋಜನವುಂಟು. ಪದ್ಯದಲ್ಲಿ ಸಂಖ್ಯೆಯನ್ನು ಹೇಳುವಾಗ ಅಗ್ನಿಯೆಂದರೆ ಮೂರು, ಅಬ್ಧಿಯೆಂದರೆ ನಾಲ್ಕು, ಗಜವೆಂದರೆ ಎಂಟು, ಹೀಗೆ ವಸ್ತುವಾಚಕ ಶಬ್ದಗಳನ್ನು ಬಳಸುವುದುಂಟು. ಕೆಲವು ಶಬ್ದಗಳಿಗೆ ಒಂದಕ್ಕಿಂತ ಹೆಚ್ಚು ಅರ್ಥ. ರತ್ನವೆಂದರೆ ನವರತ್ನಗಳನ್ನು ನೆನೆದು ಒಂಬತ್ತೆನ್ನಬಹುದು. ಜೈನನಿಗೆ ಅದು ರತ್ನತ್ರಯ, ಮೂರು. ತತ್ತ್ವವೆಂದರೆ ಸಾಂಖ್ಯರಿಗೆ ಇಪ್ಪತ್ತೈದು, ಜೈನರಿಗೆ ಏಳು. ಇದಲ್ಲದೆ ಲಿಪಿಕಾರರ ಕೈತಪ್ಪುಗಳು. ಸಾಮಾನ್ಯವಾದ ಲೆಕ್ಕದಲ್ಲಿ ಒಂದು ಅಂಕ ಕೆಟ್ಟರೆ ಉತ್ತರವೂ ಅದಕ್ಕೆ ತಕ್ಕಂತೆ ಕೆಟ್ಟು, ತಪ್ಪು ಗೊತ್ತಾಗುವುದೇ ಇಲ್ಲ. ಮಾಲೆಯಲ್ಲಿ ಹಾಗಲ್ಲ. ೧೫೨೨೦೭ರ ಮೊದಲ ಒಂದನ್ನು ಯಾರಾದರೂ ಏಳೆಂದು ಓದಿದರೆ ೭೫೨೨೦೭ ಆಗಿ, ೭೩ರಿಂದ ಗುಣಿಸಿದಾಗ ೫೪೯೧೧೧೧೧ ಬರುತ್ತದೆ. ಹಾರ ಹರಿದುದು ಕೂಡಲೇ ಕಾಣುತ್ತದೆ. ಐದನ್ನೂ ಎರಡನ್ನೂ ಅದಲುಬದಲು ಮಾಡಿ ೧೨೫೨೦೭ ಎಂದು ಬರೆದರೆ ಅಂಕಗಳ ಮೊತ್ತವು ಬದಲಾಗದಿರುವುದರಿಂದ ಒಂಬತ್ತನ್ನು ಕಳೆಯುವ ಪರೀಕ್ಷೆಗೆ ಈ ದೋಷವು ಸಿಕ್ಕುವುದಿಲ್ಲ; ಆದರೆ ಗುಣನಫಲವು ೯೧೪೦೧೧೧ ಆಗಿ ತನ್ನ ವಿಕಾರವನ್ನು ತಾನೇ ಸಾರುತ್ತದೆ. ಉತ್ತರವನ್ನು ಬಿಡಿಸಿ ಹೇಳದೆ, ಕಂಠಿಕೆಯೆಂಬ ಒಂದೇ ಮಾತಿನಿಂದ ಆಚಾರ್ಯನು ಪಾಠಕ್ಕೆ ಮುದ್ರೆಯೊತ್ತಿದಂತಾಗಿದೆ. ಹೀಗೆ ಮಾಡಬೇಕೆಂದೇ ಅವನು ಮಾಡಿದನೋ ಹೇಳಲಾಗದು; ಆದರೆ ಸಾವಿರ ವರ್ಷಗಳಿಗೂ ಮೀರಿದ ಲಿಪಿಪರಂಪರೆಯಲ್ಲಿ ಈ ಸಂಖ್ಯೆಗಳನ್ನು ಸಂಪಾದಕನು ಇಂದು ನಿಸ್ಸಂದೇಹವಾಗಿ ನಿರ್ಣಯಿಸಬಲ್ಲನು.

ಈ ಮುದ್ರೆಗೂ ಒಂದು ಅಪವಾದವಿದೆ. ಅದು ಮೇಲಿನ ಪಟ್ಟಿಯಲ್ಲಿಯೇ ಅಡಗಿದೆ. ೧೪೨೮೫೭೧೪೩ ಎಂಬಲ್ಲಿ ಲಿಪಿಕಾರನು ನಡುವಿನ ಐದನ್ನು ಬಿಟ್ಟರೆ ಉಳಿಯುವುದು ೧೪೨೮೭೧೪೩. ಇದು ಬೇರೊಂದು ಉದಾಹರಣೆಯ ಗುಣ್ಯವೇ ಆಗಿದೆ. ಗುಣಕವೂ ಎರಡು ಕಡೆ ಏಳೇ. ಒಂದರ ಫಲ ೧೦೦೦೦೦೦೦೦೧, ಇನ್ನೊಂದರದು ೧೦೦೦೧೦೦೦೧, ಎರಡೂ ಹಾರಗಳೇ. ಹೀಗೆ ಅಂಕವೊಂದು ಜಾರಿದರೂ ಮಾಲೆ ಮಾಲೆಯಾಗಿಯೇ ಉಳಿಯುವ ಈ ಸ್ಥಳದಲ್ಲಿ ಸಂಪಾದಕನಿಗೆ ಗಣಿತವು ನೆರವಾಗದು. ಒಂದು ಶಬ್ದ ಬಿಟ್ಟುಹೋದರೆ ಕೆಡುವ ಛಂದಸ್ಸನ್ನೂ, ಪ್ರತಿಗಳಲ್ಲಿ ಬರೆದಿಟ್ಟ ಉತ್ತರಗಳನ್ನೂ ಆಶ್ರಯಿಸಬೇಕು. ರಂಗಾಚಾರ್ಯರು ಬಳಸಿದ ಕನ್ನಡ ಲಿಪಿಯ ತಾಳೆಯೋಲೆಯ ಪ್ರತಿಯೊಂದರಲ್ಲಿ ಲೆಕ್ಕಗಳ ಅಂಕಗಳನ್ನೂ ಅವುಗಳ ಉತ್ತರಗಳನ್ನೂ ಕನ್ನಡ ಭಾಷೆಯಲ್ಲಿ ಸಂಕ್ಷೇಪವಾಗಿ ಕೊಟ್ಟಿದೆ. ಇಂತಹ ಟಿಪ್ಪಣಿಗಳನ್ನು ಬರೆದವರ ಹೆಸರುಗಳು ಗಣಿತದ ಚರಿತ್ರೆಯಲ್ಲಿ ಬರುವುದಿಲ್ಲ. ಉತ್ತರದಲ್ಲಿ ಎರಡು ಒಂದುಗಳ ನಡುವೆ ಎಂಟು ಸೊನ್ನೆಗಳಿವೆಯೋ, ಅಥವಾ ಮೂರು ಒಂದುಗಳ ನಡುವೆ ಮೂರು ಮೂರು ಸೊನ್ನೆಗಳಿವೆಯೋ ಎಂಬುದನ್ನು ನೋಡಿದರೆ ಯಾವ ಶ್ಲೋಕಕ್ಕೆ ಯಾವ ಹಾರವೆಂಬುದು ತೀರ್ಮಾನವಾಗುತ್ತದೆ.